ಪೇಟೆಯ ಒಂದು ಬೀದಿಯ ಕತೆ ಬರೆಯುವುದು ಹೇಗೆ

ಬೆಂಗಳೂರಿನ ಪೇಟೆಯಲ್ಲಿ ಒಂದು ಹಳೇ ಮನೆ ಕೆಡವೋದಕ್ಕೆ ವಾರ ಸಾಕು. ಹೋದ ತಿಂಗಳು ಜಗಲಿಯಿದ್ದ ಕಡೆ ಈ ತಿಂಗಳು ಶಟರ್ ಇರುತ್ತದೆ. ಜಗಲಿಯ ಮೇಲೆ ಕೂತು ಬೀದಿ ನೋಡುತ್ತಿದ್ದ ತಾತ ಮಗನ ಜೊತೆ ದೂರದ ಬಡಾವಣೆಗೆ ಹೋಗಿರುತ್ತಾರೆ. ಆ ಮನೆಯಲ್ಲಿ ಮೊದಲು ಮಗ್ಗ ಇತ್ತು, ಹಿತ್ತಲಲ್ಲಿ ಬಾವಿ ಇತ್ತು ಅಂತ ಹೇಳುವವರು ಆಮೇಲೆ ಸಿಗುವುದಿಲ್ಲ.

ಊರಿನ ದೊಡ್ಡ ಇತಿಹಾಸ ಬರೆಯುವವರು ಇದ್ದಾರೆ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದ್ದು, 1638ರಲ್ಲಿ ಬಿಜಾಪುರದವರು ಗೆದ್ದ ಮೇಲೆ ಅದು ಶಹಾಜಿಯ ಜಹಗೀರಾಗಿದ್ದು, 1791ರ ಮಾರ್ಚಿನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಮೊದಲು ಪೇಟೆಗೆ ನುಗ್ಗಿ ಆಮೇಲೆ ಕೋಟೆ ಹಿಡಿದಿದ್ದು, ಎಲ್ಲಾ ಪುಸ್ತಕಗಳಲ್ಲಿ ಸಿಗುತ್ತದೆ. ಸಿಗದೇ ಇರುವುದು ಒಂದೊಂದು ಬೀದಿಯ ಕತೆ. ಅದನ್ನು ನೀವೇ ಬರೆಯಬಹುದು. ಇತಿಹಾಸದಲ್ಲಿ ಎಂ.ಎ. ಆಗಿರಬೇಕಾಗಿಲ್ಲ. ಒಂದು ನೋಟ್‌ಬುಕ್ಕು, ಪೆನ್ಸಿಲ್ಲು, ಒಂದು ಫೋನು, ಒಂದು ಟಾರ್ಚು, ಆರು ತಿಂಗಳ ಭಾನುವಾರಗಳು ಇದ್ದರೆ ಆಯಿತು.

ನಾನು ಇಲ್ಲಿ ಪೇಟೆಯ ಉದಾಹರಣೆಗಳನ್ನೇ ಕೊಡುತ್ತೇನೆ. ನನಗೆ ಚೆನ್ನಾಗಿ ಗೊತ್ತಿರುವ ಜಾಗ ಅದೇ.

ಮೊದಲು ಬೀದಿ ಆರಿಸಿಕೊಳ್ಳಿ, ಒಂದೇ ಒಂದು

ಶುರು ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ. "ಇಡೀ ಪೇಟೆಯ ಇತಿಹಾಸ ಬರೀತೀನಿ" ಅಂತ ಹೊರಡುತ್ತಾರೆ, ಮೂರನೇ ವಾರಕ್ಕೆ ಸುಸ್ತಾಗಿ ಬಿಡುತ್ತಾರೆ. ಪೇಟೆ ಅಂದರೆ ಒಂದು ಜಾಗ ಅಲ್ಲ, ಹತ್ತಾರು ಪೇಟೆಗಳ ಗುಂಪು. ಚಿಕ್ಕಪೇಟೆ, ಬಳೇಪೇಟೆ, ನಗರ್ತಪೇಟೆ, ತಿಗಳರಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ಅಕ್ಕಿಪೇಟೆ, ತರಗುಪೇಟೆ, ಕಬ್ಬನ್‌ಪೇಟೆ... ಒಂದೊಂದಕ್ಕೂ ಅದರದೇ ಕುಲ, ಕಸುಬು, ದೇವರು, ಹಬ್ಬ ಇವೆ. ಅದರಲ್ಲಿ ಒಂದು ಪೇಟೆ, ಆ ಪೇಟೆಯಲ್ಲಿ ಒಂದು ಬೀದಿ ಆರಿಸಿಕೊಳ್ಳಿ. ಈ ತುದಿಯಿಂದ ಆ ತುದಿಗೆ ಐದು ನಿಮಿಷದಲ್ಲಿ ನಡೆಯುವಷ್ಟಿದ್ದರೆ ಸಾಕು. ನಿಮ್ಮ ಅಜ್ಜಿಯ ಮನೆ ಇದ್ದ ಬೀದಿ, ನಿಮ್ಮ ಅಂಗಡಿ ಇರುವ ಓಣಿ, ಇಲ್ಲವೇ ಸುಮ್ನೆ ಇಷ್ಟವಾದ ಬೀದಿ, ಯಾವುದಾದರೂ ಸರಿ. ಒಬ್ಬರಾದರೂ ಪರಿಚಯದವರು ಅಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಬರಿಗೈಲಿ ಎರಡು ಸಲ ನಡೆಯಿರಿ

ಮೊದಲ ಎರಡು ಸಲ ಏನೂ ಬರೆಯಬೇಡಿ, ಫೋಟೋ ತೆಗೆಯಬೇಡಿ. ಒಂದು ಸಲ ಭಾನುವಾರ ಬೆಳಿಗ್ಗೆ ಏಳು ಗಂಟೆಯ ಒಳಗೆ ಹೋಗಿ. ಆಗ ಜಾಸ್ತಿ ಅಂಗಡಿಗಳು ಮುಚ್ಚಿರುತ್ತವೆ, ಕೈಗಾಡಿಗಳು ಇರುವುದಿಲ್ಲ, ಬೀದಿಯ ಮೈಕಟ್ಟು ಕಾಣುತ್ತದೆ. ಇನ್ನೊಂದು ಸಲ ವಾರದ ದಿನ ಹನ್ನೊಂದು ಗಂಟೆಗೆ ಹೋಗಿ. ಆಗ ಬೀದಿಯ ಉಸಿರು ಕಾಣುತ್ತದೆ. ಮೆಟ್ರೋದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದರೆ ಪೇಟೆಯ ಒಳಗೇ ಇರುತ್ತೀರಿ. ಗಾಡಿ ತರಬೇಡಿ. ನಿಲ್ಲಿಸಲು ಜಾಗ ಹುಡುಕುವುದರಲ್ಲೇ ನಿಮ್ಮ ಬೆಳಗು ಕಳೆದುಹೋಗುತ್ತದೆ.

ನಡೆಯುವಾಗ ತಲೆ ಎತ್ತಿ ನಡೆಯಿರಿ. ನೆಲಮಹಡಿ ಪೂರ್ತಿ ಬೋರ್ಡು, ಗಾಜು, ಎಲ್‌ಇಡಿ. ಹಳೆಯದೆಲ್ಲ ಮೊದಲ ಮಹಡಿಗೆ ಹತ್ತಿ ಕೂತಿದೆ. ಮರದ ಕಂಬಿಯ ಕಿಟಕಿ, ಗಾರೆಯಲ್ಲಿ ಮಾಡಿದ ಹೂವು, ಕಮಾನು, ಕೆಲವು ಕಡೆ ಕಟ್ಟಿಸಿದ ವರ್ಷ, ಎಲ್ಲಾ ಅಲ್ಲಿರುತ್ತದೆ.

ಕೈಯಲ್ಲೇ ನಕ್ಷೆ ಬರೆಯಿರಿ

ಮೂರನೇ ಸಲ ನೋಟ್‌ಬುಕ್ಕು ತೆಗೆಯಿರಿ. ಎರಡು ಗೆರೆ ಎಳೆದು ಬೀದಿ ಮಾಡಿ. ಎಡಕ್ಕೆ, ಬಲಕ್ಕೆ ಒಂದೊಂದು ಕಟ್ಟಡಕ್ಕೂ ಒಂದು ಚೌಕ, ಒಂದು ನಂಬರು. ನಂಬರು ನಿಮ್ಮದೇ ಇರಲಿ, ಮನೆಯ ಮೇಲಿನ ನಂಬರನ್ನು ನಂಬಿಕೊಳ್ಳಬೇಡಿ. ಅದು ಹಲವು ಸಲ ಬದಲಾಗಿರುತ್ತದೆ, ಒಂದೇ ಬಾಗಿಲ ಮೇಲೆ ಎರಡು ಮೂರು ನಂಬರು ಇರುವುದನ್ನು ನೀವೇ ನೋಡುತ್ತೀರಿ. ದೇವಸ್ಥಾನ, ದರ್ಗಾ, ಗರಡಿಮನೆ, ಭಜನೆಮನೆ, ಅರಳಿಕಟ್ಟೆ, ಬೀದಿ ನಲ್ಲಿ, ಮುಚ್ಚಿದ ಬಾವಿ, ಎಲ್ಲವನ್ನೂ ಗುರುತು ಹಾಕಿ. ಬೀದಿ ಎಲ್ಲಿ ತಿರುಗುತ್ತದೆ, ಎಲ್ಲಿ ಕಿರಿದಾಗುತ್ತದೆ, ಎಲ್ಲಿ ಇಳಿಜಾರಾಗುತ್ತದೆ, ಇದನ್ನೂ ಹಾಕಿ. ಇಳಿಜಾರು ಸುಮ್ಮನೆ ಇರುವುದಿಲ್ಲ. ನೀರು ಎಲ್ಲಿಗೆ ಹರಿಯುತ್ತಿತ್ತು ಅಂತ ಅದು ಹೇಳುತ್ತದೆ. ಪೇಟೆಯ ಪಶ್ಚಿಮಕ್ಕೆ ಧರ್ಮಾಂಬುಧಿ ಕೆರೆ ಇತ್ತು, ಈಗ ಅಲ್ಲಿ ಕೆಂಪೇಗೌಡ ಬಸ್ ನಿಲ್ದಾಣ. ಪೂರ್ವಕ್ಕೆ ಸಂಪಂಗಿ ಕೆರೆ ಇತ್ತು, ಅದರ ಬಹುಭಾಗ ಈಗ ಕಂಠೀರವ ಕ್ರೀಡಾಂಗಣ. ಕೆ.ಆರ್. ಮಾರುಕಟ್ಟೆ ಇರುವುದು ಸಿದ್ದಿಕಟ್ಟೆ ಅಂತ ಕರೆಯುತ್ತಿದ್ದ ಜಾಗದಲ್ಲಿ. ಇದು ಗೊತ್ತಿದ್ದರೆ ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ ಅಂತ ಯಾರೂ ಹೇಳಬೇಕಾಗಿಲ್ಲ.

ಹೆಸರನ್ನು ಬಿಡಿಸಿ ನೋಡಿ

ಪೇಟೆಯಲ್ಲಿ ಹೆಸರೇ ದೊಡ್ಡ ದಾಖಲೆ. ಗಾಣಿಗರಪೇಟೆ ಎಣ್ಣೆ ತೆಗೆಯುವವರದು, ಕುಂಬಾರಪೇಟೆ ಮಡಕೆ ಮಾಡುವವರದು, ನಗರ್ತಪೇಟೆ ನಗರ್ತ ವ್ಯಾಪಾರಿಗಳದು, ತರಗುಪೇಟೆ ದವಸಧಾನ್ಯದ್ದು. ಕಿಲಾರಿ ರಸ್ತೆಯ ಹೆಸರಿನಲ್ಲಿ ದನ ಕಾಯುವವರಿದ್ದಾರೆ. ಇಂದಿನ ಕಾಟನ್‌ಪೇಟೆ ಅಂದಿನ ಅರಳೇಪೇಟೆ. ಆವೆನ್ಯೂ ರಸ್ತೆ ಅಂತ ಈಗ ಕರೆಯುವುದು ಹಳೇ ದೊಡ್ಡಪೇಟೆ. ಕಬ್ಬನ್‌ಪೇಟೆಗೆ ಹೆಸರು ಬಂದಿದ್ದು ಮಾರ್ಕ್ ಕಬ್ಬನ್‌ನಿಂದ. ಅವನು 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ. ಅಂದರೆ ಹೆಸರು ನೋಡಿದ ತಕ್ಷಣ ಅದು ಕೆಂಪೇಗೌಡರ ಕಾಲದ್ದಲ್ಲ ಅಂತ ಗೊತ್ತಾಯಿತು, ಅಲ್ವಾ? ಆದರೆ ಹೆಸರು ಹೊಸದು ಅಂದ ಮಾತ್ರಕ್ಕೆ ಬೀದಿ ಹೊಸದಲ್ಲ, ಎಚ್ಚರ.

ಕೆಲವು ಹೆಸರುಗಳು ಇಲ್ಲದ ವಸ್ತುವನ್ನು ಹಿಡಿದಿಟ್ಟಿರುತ್ತವೆ. ಪೇಟೆಯ ಸುತ್ತ ಗೋಡೆ, ಕಂದಕ, ಬಾಗಿಲುಗಳು ಇದ್ದವು. ಹಲಸೂರಿನ ಕಡೆಯ ಬಾಗಿಲು ಯಾವತ್ತೋ ಹೋಯಿತು. ಹಲಸೂರು ಗೇಟ್ ಪೊಲೀಸ್ ಠಾಣೆ ಇನ್ನೂ ಇದೆ. ಯಲಹಂಕದ ಕಡೆಯ ಬಾಗಿಲೂ ಇಲ್ಲ, ಆದರೆ ಮೈಸೂರು ಬ್ಯಾಂಕ್ ವೃತ್ತದ ಹತ್ತಿರದ ಆಂಜನೇಯನಿಗೆ ಇವತ್ತಿಗೂ ಯಲಹಂಕ ಗೇಟ್ ಆಂಜನೇಯ ಅಂತಲೇ ಹೆಸರು. ನಿಮ್ಮ ಬೀದಿಯಲ್ಲೂ ಹೀಗೆ ದೇವರ ಹೆಸರು, ಬಸ್ ನಿಲ್ದಾಣದ ಹೆಸರು, ಆಟೋದವರು ಹೇಳುವ ಹೆಸರು, ಎಲ್ಲವನ್ನೂ ಬೇರೆ ಬೇರೆ ಬರೆದುಕೊಳ್ಳಿ. ಸರ್ಕಾರಿ ಬೋರ್ಡಿನ ಹೆಸರು ಒಂದು, ಜನ ಕರೆಯುವ ಹೆಸರು ಇನ್ನೊಂದು. ನಮಗೆ ಬೇಕಾಗಿರುವುದು ಎರಡನೆಯದು.

ಹೆಸರಿಗೂ ಈಗಿನ ವ್ಯಾಪಾರಕ್ಕೂ ತಾಳೆಯಾಗದಿದ್ದರೆ ಇನ್ನೂ ಒಳ್ಳೆಯದು. ಬಳೇಪೇಟೆಯಲ್ಲಿ ವೀಣೆ, ಹಾರ್ಮೋನಿಯಂ, ತಬಲ ಮಾರುವ ಅಂಗಡಿಗಳಿವೆ. ಬಳೆಯ ಬೀದಿಗೆ ವಾದ್ಯ ಯಾವಾಗ ಬಂತು, ಮೊದಲು ಬಂದವರು ಎಲ್ಲಿಯವರು, ಇದು ಕೇಳಬೇಕಾದ ಪ್ರಶ್ನೆ.

ಕಟ್ಟಡ ಓದುವುದು

ಗೋಡೆ ಬಿರುಕು ಬಿಟ್ಟ ಕಡೆ ಒಳಗೆ ನೋಡಿ. ಮಣ್ಣಿನ ಗೋಡೆಯೋ, ತೆಳ್ಳನೆ ಇಟ್ಟಿಗೆಯೋ, ದಪ್ಪ ಇಟ್ಟಿಗೆಯೋ, ಸುಣ್ಣದ ಗಾರೆಯೋ, ಸಿಮೆಂಟೋ? ಮಾಳಿಗೆ ಹೇಗಿದೆ? ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಗಾರೆ ಹಾಕಿದ್ದರೆ ಅದು ಮದರಾಸು ತಾರಸಿ. ಕಬ್ಬಿಣದ ತೊಲೆ ಇದ್ದರೆ ರೈಲು ಬಂದ ಮೇಲಿನದಿರಬಹುದು. ಬೆಂಗಳೂರಿಗೆ ರೈಲು ಬಂದಿದ್ದು 1864ರಲ್ಲಿ, ದಂಡಿನ ಕಡೆಗೆ, ಅಂದರೆ ಕಂಟೋನ್ಮೆಂಟಿಗೆ. ಪಕ್ಕದ ಗೋಡೆಯ ಮೇಲೆ ಇಳಿಜಾರಿನ ಗುರುತು ಕಂಡರೆ ಅಲ್ಲಿ ಮೊದಲು ಹೆಂಚಿನ ಮನೆ ಒರಗಿಕೊಂಡಿತ್ತು ಅಂತ ಅರ್ಥ.

ಹೆಂಚಿನ ವಿಷಯ ಬಂತು, ಒಂದು ಮಾತು ಹೇಳಲೇಬೇಕು. ಒಮ್ಮೆ ಕೆಡವುತ್ತಿದ್ದ ಮನೆಯೊಂದರ ಮುಂದೆ ಹೆಂಚು ಪೇರಿಸಿದ್ದರು. ಒಂದನ್ನು ತಿರುಗಿಸಿ ನೋಡಿದೆ. ಕೆಂಪು ಮಣ್ಣಿನ ಮೇಲೆ ಅಚ್ಚೊತ್ತಿದ ಇಂಗ್ಲಿಷ್ ಅಕ್ಷರ, ಬಾಸೆಲ್ ಮಿಷನ್, ಮಂಗಳೂರು, ಕೆಳಗೆ 1865. ಮೂಲೆಯಲ್ಲಿ ಹೊಗೆಯ ಮಸಿ ಇನ್ನೂ ಅಂಟಿಕೊಂಡಿತ್ತು, ಅದರ ಕೆಳಗೆ ಯಾರದೋ ಅಡುಗೆಮನೆ ಇದ್ದಿರಬೇಕು. ನಾನು ಖುಷಿಯಿಂದ ಮನೆ 1865ರದು ಅಂತ ಬರೆದುಕೊಂಡೆ. ತಪ್ಪು. ಅದು ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಎಷ್ಟೋ ವರ್ಷ ಅದೇ ಅಚ್ಚಿನಲ್ಲಿ ಹೆಂಚು ಮಾಡಿದರು. ಅಂದರೆ ಆ ಹೆಂಚು 1865ಕ್ಕಿಂತ ಹಿಂದಿನದಲ್ಲ ಅಂತ ಮಾತ್ರ ಹೇಳಬಹುದು. ಹೆಂಚು ಒಂದು ಮನೆಯಿಂದ ಇಳಿದು ಇನ್ನೊಂದು ಮನೆಗೆ ಏರುವುದೂ ಉಂಟು. ಹಾಗಾಗಿ ಒಂದೇ ಗುರುತಿನ ಮೇಲೆ ಮನೆಯ ವಯಸ್ಸು ಬರೆಯಬೇಡಿ. ಎರಡು ಮೂರು ಗುರುತು ಒಂದೇ ಮಾತು ಹೇಳಿದರೆ ಬರೆಯಿರಿ.

ಹಳೇ ಬೋರ್ಡುಗಳನ್ನೂ ಬಿಡಬೇಡಿ. ಬಣ್ಣ ಮಾಸಿದ ಬೋರ್ಡಿನಲ್ಲಿ ನಾಲ್ಕೈದು ಅಂಕಿಯ ಟೆಲಿಫೋನ್ ನಂಬರು ಇದ್ದರೆ ಅದರ ಕಾಲ ಸುಮಾರಾಗಿ ತಿಳಿಯುತ್ತದೆ. ಬೋರ್ಡಿನಲ್ಲಿ ಯಾವ ಯಾವ ಭಾಷೆ ಇದೆ ಅನ್ನುವುದೂ ಮುಖ್ಯ. ಕನ್ನಡ, ತೆಲುಗು, ತಮಿಳು, ಉರ್ದು, ಮರಾಠಿ, ಮಾರ್ವಾಡಿ, ಎಲ್ಲಾ ಮಾತೂ ಪೇಟೆಯಲ್ಲಿ ಮನೆಮಾತೇ.

ಕಲ್ಲು, ಗಂಟೆ, ಫಲಕ

ಗುಡಿಯ ಒಳಗೆ ಹೋದಾಗ ದೇವರನ್ನು ನೋಡಿದ ಮೇಲೆ ಗೋಡೆ ನೋಡಿ. ಹೊಸ ಅಮೃತಶಿಲೆಯ ಸೇವಾರ್ಥ ಫಲಕ ಯಾರೂ ಓದುವುದಿಲ್ಲ. ಆದರೆ ಬೀದಿಯ ಮಟ್ಟಿಗೆ ಅದು ಶಾಸನವೇ. ಯಾವ ಮನೆತನ ಕಂಬ ಕೊಡಿಸಿತು, ಯಾವ ಅಂಗಡಿಯವರು ನೆಲಕ್ಕೆ ಕಲ್ಲು ಹಾಕಿಸಿದರು, ಯಾವ ವರ್ಷ, ಎಲ್ಲಾ ಅಲ್ಲಿದೆ. ಗಂಟೆಯ ಅಂಚಿನಲ್ಲಿ, ದೀಪದ ಕಂಬದ ಬುಡದಲ್ಲಿ, ಪಲ್ಲಕ್ಕಿಯ ಹಿತ್ತಾಳೆ ತಗಡಿನ ಮೇಲೂ ಹೆಸರು ಕೆತ್ತಿರುತ್ತಾರೆ.

ಸವೆದ ಕಲ್ಲಿನ ಅಕ್ಷರ ಕಾಣದಿದ್ದರೆ ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನನ್ನೂ ಬಳಿಯಬೇಡಿ. ಕಲ್ಲು ಹಾಳಾಗುತ್ತದೆ. ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಹಿಡಿಯಿರಿ. ಬೆಳಕು ಅಡ್ಡಕ್ಕೆ ಬಿದ್ದಾಗ ಅಕ್ಷರದ ಹಳ್ಳದಲ್ಲಿ ನೆರಳು ತುಂಬಿಕೊಳ್ಳುತ್ತದೆ. ಎದುರಿನಿಂದ ನೋಡಿದರೆ ಬರೀ ಕಲ್ಲು, ಪಕ್ಕದ ಬೆಳಕಿಗೆ ಅದರ ಮೇಲೆ ಸಾಲು ಸಾಲು ಅಕ್ಷರ. ಸಂಜೆ ಕತ್ತಲಾದ ಮೇಲೆ ಮಾಡಿದರೆ ಇನ್ನೂ ಚೆನ್ನ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಬೆಳಕು ಬಿಟ್ಟು ಮೂರು ಫೋಟೋ ತೆಗೆಯಿರಿ. ಅರ್ಚಕರನ್ನು ಮೊದಲೇ ಕೇಳಿ. ಮಂಗಳಾರತಿ ಮುಗಿದು ಜನ ಕರಗಿದ ಮೇಲೆ ಅವರೇ ಟಾರ್ಚು ಹಿಡಿಯಲು ಬರುತ್ತಾರೆ.

ತಾರೀಕು ಶಾಲಿವಾಹನ ಶಕೆಯಲ್ಲಿದ್ದರೆ ಅದಕ್ಕೆ 78 ಕೂಡಿಸಿ. ಬರೀ ಸಂವತ್ಸರದ ಹೆಸರಿದ್ದರೆ ಸ್ವಲ್ಪ ಕಷ್ಟ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ. ಪ್ಲವ ಅಂತಿದ್ದರೆ 1901-02 ಇರಬಹುದು, 1961-62 ಇರಬಹುದು, 2021-22 ಕೂಡ ಇರಬಹುದು. ಅಕ್ಷರದ ಆಕಾರ, ಕಲ್ಲಿನ ಸವೆತ, ದಾನಿಯ ಮೊಮ್ಮಕ್ಕಳ ವಯಸ್ಸು ನೋಡಿ ಯಾವುದೆಂದು ತೀರ್ಮಾನಿಸಬೇಕು.

ಹಿರಿಯರ ಹತ್ತಿರ ಕೂತು ಕೇಳುವುದು

ಇದು ಎಲ್ಲಕ್ಕಿಂತ ಮುಖ್ಯ. ಕಲ್ಲು ಇನ್ನೂ ಹತ್ತು ವರ್ಷ ಕಾಯುತ್ತದೆ, ಅಜ್ಜಿ ಕಾಯುವುದಿಲ್ಲ. ಸಾಧ್ಯವಾದರೆ ಬೇರೆಲ್ಲ ಹೆಜ್ಜೆಗಳನ್ನು ಹಿಂದಕ್ಕೆ ಹಾಕಿ ಇದನ್ನೇ ಮೊದಲು ಶುರು ಮಾಡಿ.

ನನ್ನ ಮೊದಲ ಮಾತುಕತೆ ಕೆಟ್ಟುಹೋಯಿತು. ಎಂಬತ್ತು ದಾಟಿದ ಒಬ್ಬ ಅಜ್ಜಿಯ ಮುಂದೆ ಕೂತು, "ಅಜ್ಜಿ, ನಿಮ್ಮ ಬೀದಿಯ ಇತಿಹಾಸ ಹೇಳಿ" ಅಂದೆ. ಅವರು, "ನಂಗೇನಪ್ಪ ಗೊತ್ತು, ನಾನು ಓದಿದೋಳಲ್ಲ, ನಮ್ಮೆಜಮಾನ್ರು ಇದ್ದಿದ್ರೆ ಹೇಳೋರು" ಅಂತ ಸುಮ್ಮನಾದರು. ಇತಿಹಾಸ ಅನ್ನುವ ಮಾತಿಗೇ ಅವರು ಹಿಂದೆ ಸರಿದರು. ಎರಡು ವಾರ ಬಿಟ್ಟು ಮತ್ತೆ ಹೋದೆ. ಆ ದಿನ ಅವರು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿಯುತ್ತಾ, "ಅಜ್ಜಿ, ನೀವು ಮದುವೆಯಾಗಿ ಬಂದಾಗ ನೀರು ಎಲ್ಲಿಂದ ತರ್ತಿದ್ರಿ?" ಅಂದೆ. ಅಷ್ಟೇ. ಒಂದು ಗಂಟೆ ಅವರ ಮಾತು ನಿಲ್ಲಲಿಲ್ಲ. ಬೀದಿ ನಲ್ಲಿಯಲ್ಲಿ ಕೊಡ ಸಾಲಿಗಿಡುತ್ತಿದ್ದದ್ದು, ಯಾರ ಕೊಡ ಮುಂದೆ ಅಂತ ಜಗಳ ಆಗುತ್ತಿದ್ದದ್ದು, ಬಾಣಂತಿ ಇರುವ ಮನೆಗೆ ಎಲ್ಲರೂ ಜಾಗ ಬಿಟ್ಟುಕೊಡುತ್ತಿದ್ದದ್ದು, ಹಿಂದಿನ ಬೀದಿಯ ಬಾವಿಗೆ ಯಾರು ಬರಬಹುದಿತ್ತು, ಯಾರು ಬರುವ ಹಾಗಿರಲಿಲ್ಲ ಅನ್ನುವುದು. ಕೊನೆಯ ಮಾತು ಹೇಳುವಾಗ ಅವರ ಕೈ ನಿಂತಿತು. "ಅವೆಲ್ಲ ತಪ್ಪು ಕಣಪ್ಪ, ಆಗ ಗೊತ್ತಾಗ್ತಿರಲಿಲ್ಲ" ಅಂದರು. ಇದನ್ನೂ ಬರೆಯಬೇಕು. ಬೀದಿಯ ಚೆಂದವನ್ನು ಮಾತ್ರ ಬರೆದರೆ ಅದು ಬೀದಿಯ ಕತೆ ಆಗುವುದಿಲ್ಲ.

ಹಾಗಾಗಿ ಕೈಗೆ ಸಿಗುವ ವಸ್ತುವಿನಿಂದ ಶುರು ಮಾಡಿ. ನೀರು, ಒಲೆ, ದೀಪ, ಶಾಲೆ, ಮೊದಲ ಸಂಬಳ, ಅಂಗಡಿ ಬಾಗಿಲು ತೆಗೆಯುವ ಹೊತ್ತು, ಹೆರಿಗೆ ಮಾಡಿಸುತ್ತಿದ್ದವರು, ಸತ್ತಾಗ ಹೆಗಲು ಕೊಡುತ್ತಿದ್ದವರು. "ಆಮೇಲೆ?" ಅನ್ನುವುದೇ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಅವರು ಸುಮ್ಮನಾದಾಗ ನೀವೂ ಸ್ವಲ್ಪ ಸುಮ್ಮನಿರಿ. ಆ ಮೌನದ ಆಚೆಗೆ ಒಳ್ಳೆಯ ಮಾತು ಇರುತ್ತದೆ.

ವರ್ಷ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. ಗೂಟ ಹಿಡಿದು ಕೇಳಿ. "ಆಣೆ ಲೆಕ್ಕ ಇದ್ದಾಗಲೋ, ಪೈಸೆ ಬಂದ ಮೇಲೋ?" ಅಂದರೆ 1957ರ ಏಪ್ರಿಲ್‌ಗೆ ಮುಂಚೆಯೋ ಆಮೇಲೋ ಅಂತ ತಿಳಿಯುತ್ತದೆ. "ಏಕೀಕರಣಕ್ಕೆ ಮುಂಚೆಯಾ?" ಅಂದರೆ 1956ರ ನವೆಂಬರ್. "ಕಾವೇರಿ ನೀರು ಬಂದಿತ್ತಾ?" ಅಂದರೆ 1974. ಮದುವೆ, ಮೊದಲ ಮಗು ಹುಟ್ಟಿದ್ದು ಇವೂ ಒಳ್ಳೆಯ ಗೂಟಗಳು.

ಪ್ಲೇಗಿನ ಮಾತು ಪೇಟೆಯ ಮನೆಗಳಲ್ಲಿ ಇನ್ನೂ ಉಳಿದಿದೆ. 1898ರಲ್ಲಿ ಊರಿಗೆ ಪ್ಲೇಗು ಬಂದಾಗ ಒತ್ತೊತ್ತಾಗಿ ಮನೆಗಳಿದ್ದ ಪೇಟೆಯಲ್ಲಿ ಅನಾಹುತವಾಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದಿದ್ದು ಆ ಭಯದ ನಂತರವೇ. ನೋಡಿದವರು ಈಗ ಯಾರೂ ಇಲ್ಲ, ಆದರೆ "ನಮ್ಮಜ್ಜಿ ಹೇಳ್ತಿದ್ರು" ಅಂತ ಶುರುವಾಗುವ ಮಾತು ಇದೆ. ಅದನ್ನು ಬರೆಯುವಾಗ ಯಾರು ಯಾರಿಂದ ಕೇಳಿದ್ದು ಅಂತಲೂ ಬರೆಯಿರಿ.

ಇನ್ನು ಕೆಲಸದ ವಿವರ. ಅಂಗಡಿಯವರನ್ನು ಮಾತಾಡಿಸುವುದಾದರೆ ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಹೋಗಿ, ಗಿರಾಕಿ ಕಡಿಮೆ. ದೀಪಾವಳಿ, ಮದುವೆ ಕಾಲದಲ್ಲಿ ಬೇಡವೇ ಬೇಡ. ರೆಕಾರ್ಡ್ ಮಾಡುವ ಮೊದಲು ಕೇಳಿ, ಅವರು ಒಪ್ಪಿದ್ದನ್ನೂ ರೆಕಾರ್ಡಿನಲ್ಲೇ ಹೇಳಿಸಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲ್ ಮೇಲೆ ಇಡಿ. ಇಲ್ಲದಿದ್ದರೆ ಮೇಜಿನ ಸದ್ದೆಲ್ಲ ಬರುತ್ತದೆ. ಮುಕ್ಕಾಲು ಗಂಟೆಗೆ ನಿಲ್ಲಿಸಿ, ಹಿರಿಯರಿಗೆ ಆಯಾಸವಾಗುತ್ತದೆ. ಅವತ್ತೇ ರಾತ್ರಿ ಬೇರೆ ಎರಡು ಕಡೆ ಪ್ರತಿ ಮಾಡಿಡಿ. ಫೋನ್ ಕೆಟ್ಟು ಮೂರು ಮಾತುಕತೆ ಕಳೆದುಕೊಂಡಿದ್ದೇನೆ. ಅದರಲ್ಲಿ ಒಬ್ಬರು ಈಗಿಲ್ಲ. ಅವರ ದನಿ ನನ್ನ ಕೈಯಿಂದ ಹೋಯಿತು ಅನ್ನುವ ಸಂಕಟ ಇನ್ನೂ ಇದೆ.

ಮನೆಯ ಕಾಗದಪತ್ರ

ನಂಬಿಕೆ ಬೆಳೆದ ಮೇಲೆ, ಅವರಾಗಿಯೇ ಬೀರು ತೆಗೆದಾಗ ಮಾತ್ರ ಹಳೇ ಕ್ರಯಪತ್ರ ನೋಡಿ. ಅದರಲ್ಲಿ ಚೆಕ್ಕುಬಂದಿ ಅಂತ ಒಂದು ಭಾಗ ಇರುತ್ತದೆ. ಮನೆಯ ನಾಲ್ಕು ಕಡೆ ಏನಿದೆ ಅಂತ ಬರೆದಿರುತ್ತಾರೆ. ಪೂರ್ವಕ್ಕೆ ಗಾಣದ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಬಾವಿಯಿರುವ ಹಿತ್ತಲು, ದಕ್ಷಿಣಕ್ಕೆ ಬೀದಿ, ಹೀಗೆ. ಮಾರುವವರಿಗೆ, ಕೊಳ್ಳುವವರಿಗೆ ಅದು ಗಡಿ. ನಿಮಗೆ ಅದು ಆ ವರ್ಷದ ಬೀದಿಯ ಚಿತ್ರ. ಅಕ್ಕಪಕ್ಕದ ನಾಲ್ಕೈದು ಮನೆಗಳ ಚೆಕ್ಕುಬಂದಿ ಸಿಕ್ಕರೆ, ನೀವು ಬರೆದ ನಕ್ಷೆಯ ಮೇಲೆ ತೆಳ್ಳನೆ ಕಾಗದ ಇಟ್ಟು ಹಳೇ ಬೀದಿಯನ್ನು ಚೌಕ ಚೌಕವಾಗಿ ತುಂಬಬಹುದು.

ಆಸ್ತಿ ಕಾಗದದ ಫೋಟೋ ಕೇಳಬೇಡಿ, ಬೇಕಾದ ನಾಲ್ಕು ಸಾಲು ಕೈಯಲ್ಲಿ ಬರೆದುಕೊಳ್ಳಿ. ಎಷ್ಟೋ ಮನೆಗಳಲ್ಲಿ ಪಾಲಿನ ವ್ಯಾಜ್ಯ ಇರುತ್ತದೆ. ನಿಮ್ಮ ಬರಹ ಯಾರದೋ ಕೋರ್ಟು ಕೇಸಿಗೆ ಕಾಗದ ಆಗಬಾರದು. ಅಳತೆ, ಬೆಲೆ, ಹೆಸರು ಬಿಟ್ಟು ಬರೆಯಿರಿ. ಫೋಟೋ ಆಲ್ಬಮ್ ತೋರಿಸಿದರೆ ಮುಖಕ್ಕಿಂತ ಹಿನ್ನೆಲೆ ನೋಡಿ. ಮದುವೆ ಫೋಟೋದ ಹಿಂದೆ ಬೀದಿ ಇರುತ್ತದೆ.

ಗ್ರಂಥಾಲಯಕ್ಕೆ ಹೋಗಿ ತಾಳೆ ನೋಡಿ

ಬೀದಿಯಲ್ಲಿ ಕೇಳಿದ ಮೇಲೆ ಪುಸ್ತಕಕ್ಕೆ ಹೋಗಿ. ಮೊದಲೇ ಹೋದರೆ ಪುಸ್ತಕದಲ್ಲಿರುವುದನ್ನೇ ಬೀದಿಯಲ್ಲಿ ಹುಡುಕುತ್ತೀರಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರಲ್ಲಿ ಶುರುವಾದದ್ದು, ಒಳ್ಳೆಯ ಗ್ರಂಥಾಲಯ ಇದೆ. ಪೇಟೆಯಿಂದ ನಡೆದೇ ಹೋಗಬಹುದು. ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ ಇದೆ. ಹಳೇ ಸರ್ಕಾರಿ ಕಡತ ಬೇಕಾದರೆ ರಾಜ್ಯ ಪತ್ರಾಗಾರ. ಗುರುತಿನ ಚೀಟಿ, ಒಂದು ಅರ್ಜಿ, ಯಾವ ವಿಷಯ ಅಂತ ಎರಡು ಸಾಲು ಬರೆದುಕೊಂಡು ಹೋಗಿ.

ಮೂರು ಕಡೆ ನೋಡಲೇಬೇಕು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ, 1905ರದು, ಬೆಂಗಳೂರು ಜಿಲ್ಲೆಯ ಶಾಸನಗಳು. ಆವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ಚರ್ಚಿಗೆ ಹೆಸರು ಬಂದಿದ್ದು ಇವರ ತಂದೆ ಬೆಂಜಮಿನ್ ರೈಸ್ ಅವರಿಂದ. ಅಪ್ಪ ಪೇಟೆಯಲ್ಲಿ ಕನ್ನಡ ಕಲಿತು ಕನ್ನಡದಲ್ಲಿ ಕೆಲಸ ಮಾಡಿದವರು, ಮಗ ನಾಡಿನ ಶಾಸನಗಳನ್ನು ಒಟ್ಟುಮಾಡಿದವರು. ಎರಡನೆಯದು ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಇಲ್ಲಿಗೆ ಬಂದು ಬರೆದ ಪ್ರವಾಸದ ವಿವರ. ನೇಕಾರರು, ಬಣ್ಣ ಹಾಕುವವರು, ಎಣ್ಣೆಯವರು, ಯಾವ ಸರಕು ಎಲ್ಲಿಂದ ಬರುತ್ತಿತ್ತು ಅನ್ನುವುದು ಅದರಲ್ಲಿದೆ. ಮೂರನೆಯದು 1791ರ ಮುತ್ತಿಗೆಯ ಹೊತ್ತಿಗೆ ಇಂಗ್ಲಿಷ್ ಸೇನೆಯವರು ಬರೆದ ನಕ್ಷೆ. ಅದನ್ನು ಇವತ್ತಿನ ನಕ್ಷೆಯ ಪಕ್ಕ ಇಟ್ಟು ನೋಡಿ. ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಜಾಗ ಹಾಗೇ ಇದೆ. ಕೆಂಪೇಗೌಡರು ನಾಲ್ಕು ಎತ್ತಿನ ಜೋಡಿ ಕಟ್ಟಿ ನಾಲ್ಕು ದಿಕ್ಕಿಗೆ ಉಳುಮೆ ಮಾಡಿಸಿದ ಜಾಗ ಅದೇ ಅಂತ ಪೇಟೆಯವರು ಹೇಳುತ್ತಾರೆ.

ಆ ಮಾತು ಐತಿಹ್ಯ. ಐತಿಹ್ಯವನ್ನು ಬಿಸಾಡಬೇಡಿ, ಐತಿಹ್ಯ ಅಂತಲೇ ಬರೆಯಿರಿ. ಬೆಂಗಳೂರು ಅನ್ನುವ ಹೆಸರನ್ನೇ ನೋಡಿ. ಹೊಯ್ಸಳ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅಂತ ಕತೆ. ಆದರೆ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರು ಕಾಳಗದ ಮಾತು ಬರುತ್ತದೆ, ಆ ಕಲ್ಲು ಸುಮಾರು 890ರದು. ಬಲ್ಲಾಳನಿಗಿಂತ ಸುಮಾರು 300 ವರ್ಷ ಹಿಂದೆಯೇ ಆ ಹೆಸರು ಇತ್ತು. ಹಾಗಂತ ಬೆಂದ ಕಾಳಿನ ಕತೆ ಸುಳ್ಳು ಅಂತ ಹೊಡೆದು ಹಾಕಬೇಕಾಗಿಲ್ಲ. ಜನ ಅದನ್ನು ಇಷ್ಟು ಕಾಲ ಹೇಳಿಕೊಂಡು ಬಂದಿದ್ದಾರೆ ಅನ್ನುವುದೂ ಇತಿಹಾಸವೇ. ನಿಮ್ಮ ಬರಹದಲ್ಲಿ ಕಂಡಿದ್ದು, ಕೇಳಿದ್ದು, ಓದಿದ್ದು ಮೂರನ್ನೂ ಬೇರೆ ಬೇರೆ ಬಣ್ಣದ ಪೆನ್ಸಿಲ್ಲಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಆಮೇಲೆ ಕಲಸುಮೇಲೋಗರ ಆಗುವುದಿಲ್ಲ.

ಒಂದು ವರ್ಷದ ಹಬ್ಬ ನೋಡಿ

ಬೀದಿ ಒಂದಾಗುವುದು ಹಬ್ಬದಲ್ಲಿ. ಪೇಟೆಗೆ ಎಲ್ಲಕ್ಕಿಂತ ದೊಡ್ಡದು ಕರಗ. ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುತ್ತದೆ. ಮಲ್ಲಿಗೆಯ ಗೋಪುರದಂತಹ ಕರಗವನ್ನು ಕೈಯಿಂದ ಮುಟ್ಟದೆ ತಲೆಯ ಮೇಲೆ ಹೊತ್ತವರು, ಸುತ್ತ ಬಿಚ್ಚುಗತ್ತಿ ಹಿಡಿದ ವೀರಕುಮಾರರು. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಕರಗ ಮುಂದೆ ಹೋಗುವುದು. ಸಂಪಂಗಿ ಕೆರೆ ಹೋದರೂ ಕರಗಕ್ಕೆ ಅಂತ ಅದರ ಒಂದು ಚೂರು ನೀರು ಉಳಿದಿದೆ. ಕರಗ ನೋಡಲು ಜನಸಾಗರ ಸೇರುತ್ತದೆ. ನೀವು ಅದರ ಹಿಂದೆ ಓಡಬೇಡಿ. ನಿಮ್ಮ ಬೀದಿಯಲ್ಲೇ ಒಂದು ಜಗಲಿ ಹಿಡಿದು ಕೂತಿರಿ. ಸಂಜೆಯಿಂದ ಏನೇನು ಆಗುತ್ತದೆ ನೋಡಿ. ಯಾರು ಬೀದಿ ಗುಡಿಸುತ್ತಾರೆ, ಯಾರು ನೀರು ಹಾಕುತ್ತಾರೆ, ಯಾರ ಮನೆ ಮುಂದೆ ದೊಡ್ಡ ರಂಗೋಲಿ, ಯಾರು ಪಾನಕ ಮಜ್ಜಿಗೆ ಕೊಡುತ್ತಾರೆ, ಬೇರೆ ಬಡಾವಣೆಗೆ ಹೋದವರಲ್ಲಿ ಯಾರು ಆ ರಾತ್ರಿಗೆ ವಾಪಸ್ಸು ಬರುತ್ತಾರೆ. ಮನೆ ಮಾರಿ ಹೋದವರೂ ಬರುತ್ತಾರೆ. ಅವರನ್ನು ಮಾತಾಡಿಸಿ, ಬೇರೆ ದಿನ ಅವರು ಸಿಗುವುದಿಲ್ಲ.

ರಾಮನವಮಿ, ಗಣೇಶ, ಮೊಹರಂ, ಊರಮ್ಮನ ಹಬ್ಬ, ಗರಡಿಮನೆಯ ಆಯುಧಪೂಜೆ, ಇವಕ್ಕೂ ಹೀಗೇ ಒಂದೊಂದು ಪುಟ ಇಡಿ.

ಬರೆದು ವಾಪಸ್ಸು ಕೊಡಿ

ಬರೆಯುವಾಗ ಕಾಲದ ಕ್ರಮ ಬೇಡ, ಬೀದಿಯ ಕ್ರಮದಲ್ಲಿ ಬರೆಯಿರಿ. ಈ ತುದಿಯಿಂದ ಶುರು ಮಾಡಿ ಮನೆ ಮನೆಗೆ ನಿಲ್ಲುತ್ತಾ ಹೋಗಿ. ಓದುವವರು ಕಾಗದ ಹಿಡಿದು ನಿಮ್ಮ ಹಿಂದೆಯೇ ನಡೆಯಬಹುದು. ಅವರು ಹೇಳಿದ ಮಾತನ್ನು ತಿದ್ದಿ ಗ್ರಂಥದ ಭಾಷೆ ಮಾಡಬೇಡಿ. "ಕೊಳಾಯಿ" ಅಂದಿದ್ದರೆ ಕೊಳಾಯಿ, "ನಲ್ಲಿ" ಅಂದಿದ್ದರೆ ನಲ್ಲಿ. ಬದುಕಿರುವವರ ಹೆಸರು ಹಾಕುವ ಮೊದಲು ಕೇಳಿ, ಬೇಡ ಅಂದರೆ ಬಿಟ್ಟುಬಿಡಿ.

ಹದಿನಾರೋ ಇಪ್ಪತ್ತೋ ಪುಟ ಆದರೆ ಸಾಕು. ಹತ್ತು ಪ್ರತಿ ಜೆರಾಕ್ಸ್ ಮಾಡಿಸಿ. ಒಂದು ಗುಡಿಗೆ, ಒಂದು ದರ್ಗಾಕ್ಕೆ, ಒಂದು ಹತ್ತಿರದ ಶಾಲೆಗೆ, ಒಂದು ಗ್ರಂಥಾಲಯಕ್ಕೆ, ಉಳಿದವು ಮಾತಾಡಿದವರ ಮನೆಗಳಿಗೆ. ಅಕ್ಷರ ದೊಡ್ಡದಿರಲಿ, ಓದುವವರಿಗೆ ಕನ್ನಡಕ ಇರುತ್ತದೆ. ಓದಲು ಬಾರದ ಅಜ್ಜಿಗೆ ನೀವೇ ಕೂತು ಓದಿ ಹೇಳಿ.

ಪ್ರತಿ ಪುಟದ ಬಲಗಡೆ ಮೂರು ಬೆರಳು ಅಗಲ ಖಾಲಿ ಬಿಡಿ, ಜೊತೆಗೆ ಒಂದು ಪೆನ್ಸಿಲ್ ಕಟ್ಟಿ ಕೊಡಿ. ಆರು ವಾರ ಬಿಟ್ಟು ವಾಪಸ್ಸು ತೆಗೆದುಕೊಳ್ಳಿ. ಅವರೆಕಾಯಿ ಅಜ್ಜಿಯ ಮನೆಯ ಪ್ರತಿ ನನ್ನ ಹತ್ತಿರ ಇದೆ. ಬಾವಿಯ ಪುಟದ ಅಂಚಿನಲ್ಲಿ ಅವರ ಮೊಮ್ಮಗಳ ಗುಂಡು ಅಕ್ಷರ: "ಬಾವಿ ಎಡಕ್ಕಲ್ಲ, ಬಲಕ್ಕೆ. ಅಜ್ಜಿ ಹೇಳಿದ್ದು. ಈಗ ಅದರ ಮೇಲೆ ನಮ್ಮ ಅಡುಗೆಮನೆ ಇದೆ."